ಆಪತ್ಕಾಲದ ದಾಸೋಹ
(ಶ್ರೀಮಠದ ಅಮೃತ ಮಹೋತ್ಸವದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನನಗೆ ಗೊತ್ತುಪಡಿಸಿರುವ ವಿಷಯವನ್ನು ಯಥಾಮತಿ ನಿವೇದಿಸುವೆನು.

ನೆರೆ, ಬರ, ಭೂಕಂಪ ಮೊದಲಾದ ವಿಪತ್ತುಗಳು ಒದಗಿದಾಗ ನೊಂದವರ ಸೇವೆಗೆ ನಿಲ್ಲುವವರಿಗೆ ದೊರೆಯುವ ಫಲವೇನು, ಒದಗುವ ಕ್ಲೇಶವೇನು ಎಂಬುದೇ ಈ ದಿನದ ವಿಷಯ. ಫಲದ ಮಾತು ಎಲ್ಲರಿಗೂ ಇಂಪು. ಕ್ಲೇಶದ ಮಾತನ್ನು ಉತ್ಸವದ ದಿನ ಎತ್ತುವುದು ಉಚಿತವೇ ಎಂದು ಕೆಲವರು ಶಂಕಿಸಬಹುದು. ಆದರೆ ಈ ಮಹೋತ್ಸವದ ನೆನಪಿಗಾಗಿ ಶ್ರೀಮಠದಲ್ಲಿ ಶಾಶ್ವತವಾದ ಆಪತ್ಸೇವಾದಳವೊಂದನ್ನು ಕಟ್ಟಬೇಕೆಂಬ ಸಂಕಲ್ಪವು ಭಕ್ತರಲ್ಲಿ ಹುಟ್ಟಿರುವುದು. ಅನೇಕ ತರುಣರು ಹೆಸರು ಕೊಟ್ಟಿರುವರು. ಮಕ್ಕಳನ್ನು ಹೊಳೆಗೆ ಇಳಿಸುವ ಮೊದಲು ಹೊಳೆಯ ಆಳವನ್ನು ತಿಳಿಸುವುದು ಹಿರಿಯರ ಧರ್ಮವಲ್ಲವೆ? ಆದುದರಿಂದ ಎರಡನ್ನೂ ಹೇಳುವೆನು.

ಮೊದಲು ದಾಸೋಹವೆಂಬ ಪದವನ್ನು ವಿಚಾರಿಸೋಣ. ದಾನವೆಂಬಲ್ಲಿ ಕೊಡುವವನೊಬ್ಬನು, ಕೊಳ್ಳುವವನೊಬ್ಬನು. ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹವೆಂಬಲ್ಲಿಯಾದರೋ 'ದಾಸೋಽಹಂ', ನಾನು ದಾಸನು ಎಂಬ ಭಾವವೇ ಪ್ರಧಾನವು. ಇಲ್ಲಿ ಕೊಡುವವನೇ ಕೆಳಗೆ ನಿಲ್ಲುವನು, ಉಣ್ಣುವವನು ಜಂಗಮಸ್ವರೂಪನು. ಹನ್ನೆರಡನೆಯ ಶತಮಾನದ ಶರಣರು ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದು ವಿಧಿಸಿದುದು ಈ ಕಾರಣದಿಂದಲೇ. ನಮ್ಮ ಕಾಲದಲ್ಲಿ ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (೧೯೦೭–೨೦೧೯) ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ಒಂದು ದಿನವೂ ತಪ್ಪದಂತೆ ನಡೆಸಿ ಲೋಕಕ್ಕೆ ಮೇಲ್ಪಂಕ್ತಿಯಾದರು. ನಿತ್ಯ ದಾಸೋಹದಲ್ಲಿ ಪಳಗಿದ ಕೈಗೆ ಆಪತ್ಕಾಲದ ದಾಸೋಹವೂ ಒಲಿಯುವುದು. ಸಾವಿರ ಮಂದಿಗೆ ಪ್ರಸಾದ ಸಿದ್ಧಪಡಿಸಲು ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಸೌದೆ ಬೇಕೆಂಬುದು ಮಠದ ಅಡುಗೆಯವರಿಗೆ ಕೇಳದೆಯೇ ಗೊತ್ತು.

ಈ ಭಾವವಿಲ್ಲದ ಪರಿಹಾರವು ಎಂತಹದಾಗುವುದೆಂಬುದಕ್ಕೆ ನಮ್ಮ ನಾಡಿನ ಚರಿತ್ರೆಯೇ ಸಾಕ್ಷಿ. ೧೮೭೬ರಲ್ಲಿ ಮಳೆ ಹೋಗಿ ೧೮೭೮ರವರೆಗೆ ನಡೆದ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವೂ, ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳೂ, ಬಳ್ಳಾರಿಯ ಸೀಮೆಯೂ ಹಾಳಾದುವು. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು ೫೦ ಲಕ್ಷಕ್ಕೆ ಮೇಲ್ಪಟ್ಟಿತ್ತು. ೧೮೮೧ರಲ್ಲಿ ಅದು ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಆಗಿನ ಸರಕಾರವು ಪರಿಹಾರವನ್ನು ಕೊಡಲಿಲ್ಲವೆಂದಲ್ಲ. ಕೊಟ್ಟಿತು, ಆದರೆ ಸಂಶಯದಿಂದ ಕೊಟ್ಟಿತು. ನಿಜವಾಗಿ ಹಸಿದವನೇ ಬಂದಿರುವನೋ, ಸೋಮಾರಿಯು ಬಂದಿರುವನೋ ಎಂದು ಪರೀಕ್ಷಿಸಲು ಕೂಲಿಗಳನ್ನು ತಮ್ಮ ಊರಿನಿಂದ ದೂರದ ಕಾಮಗಾರಿಗೆ ನಡೆಯಿಸುತ್ತಿದ್ದರು. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ದುಡಿಯುವ ಗಂಡಾಳಿನ ದಿನದ ಧಾನ್ಯವನ್ನು ಒಂದು ಪೌಂಡಿಗೆ, ಎಂದರೆ ಸುಮಾರು ೪೫೦ ಗ್ರಾಮಿಗೆ, ಇಳಿಸಿದನು. ಕಲ್ಲು ಹೊರುವ ದೇಹವು ಇಷ್ಟರಲ್ಲಿ ಉಳಿಯದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಎಂಬವನು ಬಲವಾಗಿ ವಾದಿಸಿದನು. ಆ ಸರಕಾರದ ಸೇವಕನಾಗಿದ್ದುಕೊಂಡೇ ಹಸಿದವನ ಪಕ್ಷವನ್ನು ಹಿಡಿದ ಆ ವೈದ್ಯನನ್ನು ಸ್ಮರಿಸುವುದು ನ್ಯಾಯವಾಗಿದೆ. ಸಂಶಯದಿಂದ ಕೊಟ್ಟ ಅನ್ನವು ಹೊಟ್ಟೆಗೆ ಹೋದರೂ ಮೈಗೆ ಹತ್ತುವುದಿಲ್ಲವೆಂಬುದನ್ನು ನಾವು ಇದರಿಂದ ಕಲಿಯಬೇಕು. ಮೊದಲು ಗಂಜಿ ಕೇಂದ್ರಗಳೆಂದು ಕರೆಯುತ್ತಿದ್ದುವನ್ನು ಈಗ ಕಾಳಜಿ ಕೇಂದ್ರಗಳೆಂದು ಕರೆಯುವ ರೂಢಿಯು ಬಂದಿದೆ. ಹೆಸರಿನೊಡನೆ ಭಾವವೂ ಬದಲಾದರೆ ಅದು ಶುಭವೇ ಸರಿ.

ಇನ್ನು ಫಲದ ವಿಚಾರ. ಸೇವೆಯ ಮೊದಲನೆಯ ಫಲವು ಪ್ರತ್ಯಕ್ಷಫಲ. ಜಪತಪಗಳ ಫಲವನ್ನು ಕಾಣಲು ಕಾಲವು ಬೇಕು. ಹಸಿದ ಮಗುವಿನ ಕೈಗೆ ರೊಟ್ಟಿಯನ್ನಿಟ್ಟರೆ ಅದರ ಫಲವು ಆ ಕ್ಷಣವೇ ಅದರ ಮುಖದಲ್ಲಿ ಕಾಣುವುದು. ೨೦೧೯ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಏಕಕಾಲಕ್ಕೆ ಉಕ್ಕಿ, ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ಹೊಳೆಸಾಲಿನ ಊರುಗಳು ಮುಳುಗಿ, ಪಟ್ಟದಕಲ್ಲಿನ ಪುರಾತನ ದೇವಾಲಯಗಳ ಅಂಗಳಕ್ಕೂ ನೀರು ನುಗ್ಗಿತಷ್ಟೆ. ಆಗ ಶ್ರೀಮಠದ ಅನ್ನಛತ್ರದ ಲೆಕ್ಕವನ್ನು ಬರೆಯುವ ಕಾಯಕವು ನನ್ನ ಪಾಲಿಗೆ ಬಂದಿತ್ತು. ಓದು ಬರಹಗಳಲ್ಲಿ ಮನಸ್ಸಿಲ್ಲವೆಂದು ತಂದೆತಾಯಿಗಳು ಬೇಸತ್ತಿದ್ದ ತರುಣರು ಎದೆಮಟ್ಟದ ಕೆಸರು ನೀರಿನಲ್ಲಿ ಮುದುಕರನ್ನು ಹೆಗಲ ಮೇಲೆ ಹೊತ್ತು ತಂದುದನ್ನು ನಾವೆಲ್ಲರೂ ಕಂಡೆವು. ತನ್ನಿಂದ ಒಬ್ಬರಿಗೆ ಪ್ರಯೋಜನವಾಯಿತೆಂಬ ಅರಿವು ಮನುಷ್ಯನನ್ನು ಮೇಲಕ್ಕೆತ್ತುವಷ್ಟು ಬೇರೆ ಯಾವ ಬೋಧೆಯೂ ಎತ್ತಲಾರದು.

ಎರಡನೆಯ ಫಲವು ಭೇದನಾಶ. ನೆರೆಯ ನೀರು ಕೇರಿಯನ್ನು ವಿಚಾರಿಸಿ ಹರಿಯುವುದಿಲ್ಲ. ಒಂದೇ ಶಾಲೆಯ ಪಡಸಾಲೆಯಲ್ಲಿ ಎಲ್ಲ ಕುಲದವರೂ ಮಲಗಿ, ಒಂದೇ ಕೊಪ್ಪರಿಗೆಯ ಅನ್ನವನ್ನು ಉಂಡಾಗ, ಅನುಭವಮಂಟಪದಲ್ಲಿ ಶರಣರು ನುಡಿದುದು ಕಣ್ಣೆದುರಿಗೆ ನಡೆದಂತಾಗುವುದು. ೧೯೯೪ರಲ್ಲಿ ರೆಡ್ ಕ್ರಾಸ್ ಮೊದಲಾದ ಸೇವಾಸಂಸ್ಥೆಗಳು ತಮಗೆ ತಾವೇ ವಿಧಿಸಿಕೊಂಡ ನಡವಳಿಕೆಯ ಸಂಹಿತೆಯಲ್ಲಿ, ಕುಲ, ಮತ, ದೇಶಗಳನ್ನೆಣಿಸದೆ ಕೊರತೆಯೊಂದನ್ನೇ ನೋಡಿ ನೆರವಾಗಬೇಕೆಂದೂ, ನೆರವನ್ನು ಮುಂದೊಡ್ಡಿ ತಮ್ಮ ಮತವನ್ನು ಬೆಳೆಸಬಾರದೆಂದೂ ನಿಯಮವಿದೆ. ನಮ್ಮ ದಳದವರ ಹಣೆಯಲ್ಲಿ ವಿಭೂತಿಯಿರಲಿ. ಪ್ರಸಾದಕ್ಕೆ ಬಂದವನ ಹಣೆಯನ್ನು ನೋಡುವ ಕಣ್ಣು ಮಾತ್ರ ಇರಕೂಡದು.

ಮೂರನೆಯದು ಋಣಾನುಬಂಧದ ಫಲ. ೨೦೧೮ರಲ್ಲಿ ಕೊಡಗಿನ ಗುಡ್ಡಗಳು ಕುಸಿದು ಜನರು ನಿರಾಶ್ರಿತರಾದಾಗ ಬಯಲುಸೀಮೆಯ ಊರುಗಳಿಂದ ಖಡಕ್ ರೊಟ್ಟಿಗಳು ಅಲ್ಲಿಗೆ ಹೋದುವು. ಆ ರೊಟ್ಟಿಯು ಬಹುದಿನ ಕೆಡದು, ಅದಕ್ಕೆ ಒಲೆ ಬೇಡ, ಪಾತ್ರೆ ಬೇಡ, ಚಟ್ನಿಪುಡಿಯೊಂದಿದ್ದರೆ ಸಾಕು. ಮರುವರ್ಷವೇ ನಮ್ಮ ಹೊಳೆಗಳು ಉಕ್ಕಿದಾಗ ದಕ್ಷಿಣದ ಜಿಲ್ಲೆಗಳಿಂದ ನಮ್ಮಲ್ಲಿಗೆ ಅಕ್ಕಿ ಬೇಳೆ ಚಾದರಗಳು ಬಂದುವು. ಇಂದು ಕೊಟ್ಟವನು ನಾಳೆ ಕೈಯೊಡ್ಡುವನು. ಕೊಡುವವನೆಂದೂ ಕೊಳ್ಳುವವನೆಂದೂ ಎರಡು ಜಾತಿಗಳಿಲ್ಲವೆಂಬ ಈ ತಿಳಿವಳಿಕೆಯೇ ಸೇವೆಯ ಪರಮಫಲವೆಂದು ನಾನು ತಿಳಿದಿರುವೆನು.

ಶರಣಬಂಧುಗಳೆ, ಇನ್ನು ಕ್ಲೇಶದ ಮಾತು. ಇದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ; ಏತಕ್ಕೆಂದರೆ ಇದನ್ನು ಹೇಳುವವರು ವಿರಳ.

ಮೊದಲನೆಯ ಕ್ಲೇಶವು ವಿತರಣೆಯದು. ನಾನೂರು ಚಾದರಗಳಿದ್ದು ಏಳುನೂರು ಮಂದಿ ನಿಂತಿದ್ದರೆ ಯಾರಿಗೆ ಕೊಡತಕ್ಕದ್ದು, ಯಾರಿಗೆ ಬಿಡತಕ್ಕದ್ದು? ಗಟ್ಟಿಮುಟ್ಟಾದವನು ಲಾರಿಯ ಹಲಗೆಯನ್ನು ಹಿಡಿದು ಮುಂದೆ ನಿಲ್ಲುವನು. ಬಾಣಂತಿಯೂ, ಕುರುಡನೂ, ಸಂಕೋಚದ ವಿಧವೆಯೂ ಹಿಂದೆ ಉಳಿಯುವರು. ತಲಾಟಿಯ ಪಟ್ಟಿಯಲ್ಲಿ ಬಾಡಿಗೆಯ ಮನೆಯವನ ಹೆಸರಿರದು, ಗುಡಿಸಲಿನವನ ಹೆಸರಿರದು. ಕೊಡಲಾರದೆ ಹೋದ ಸೇವಕನು ಬೈಗುಳನ್ನು ತಿನ್ನುವನು. ಮನೆಯನ್ನು ಕಳೆದುಕೊಂಡವನು ಹೊಳೆಯನ್ನು ಬೈಯಲಾರನು, ಮುಗಿಲನ್ನು ಬೈಯಲಾರನು. ಎದುರಿಗೆ ನಿಂತವನನ್ನು ಬೈಯುವನು. ಆ ಬೈಗುಳು ತನಗಲ್ಲವೆಂದು ತಿಳಿಯುವುದಕ್ಕೆ ದೊಡ್ಡ ಮನಸ್ಸು ಬೇಕು. ಇಪ್ಪತ್ತು ವರ್ಷದ ತರುಣನಿಗೆ ಅದು ಒಂದೇ ದಿನದಲ್ಲಿ ಬಾರದು.

ಎರಡನೆಯ ಕ್ಲೇಶವು ಬೇಡದ ವಸ್ತುಗಳ ಹೊರೆಯದು. ೨೦೦೪ರ ಡಿಸೆಂಬರ್ ೨೬ರಂದು ಸಮುದ್ರವು ಉಕ್ಕಿ ತಮಿಳುನಾಡಿನ ತೀರವನ್ನು ನುಂಗಿದ ಮೇಲೆ, ನಾಗಪಟ್ಟಣದ ಕಡೆಯ ದಾರಿಗಳಲ್ಲಿ ಹಳೆಯ ಬಟ್ಟೆಗಳ ರಾಶಿಗಳು ಯಾರಿಗೂ ಬೇಡವಾಗಿ ಬಿದ್ದಿದ್ದುವು. ಕಳುಹಿದವರು ಪುಣ್ಯವಂತರೇ ಇರಬಹುದು. ಆದರೆ ಹರಿದುದನ್ನೂ ಹೊಲಸಾದುದನ್ನೂ ಬೇರ್ಪಡಿಸುವ ದುಡಿತವು ಸೇವಕರ ತಲೆಗೆ ಬಂದಿತು. ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ನೆನೆಯಬೇಕು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯದ ಅಳತೆಗೆ ಮಿಗಿಲಾಗಿ ತಂದುದನ್ನು ಕಂಡು ಲಕ್ಕಮ್ಮನು ಅದನ್ನು ಒಲೆಗೇರಿಸದೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ತೆಗೆದುಕೊಳ್ಳುವುದರಲ್ಲಿ ಮಿತಿಯಿರಬೇಕೆಂದು ಈ ಕಥೆಯು ಹೇಳುವುದನ್ನು ಎಲ್ಲರೂ ಬಲ್ಲರು. ಕೊಡುವುದರಲ್ಲಿಯೂ ಮಿತಿಯೂ ವಿವೇಕವೂ ಇರಬೇಕೆಂಬುದನ್ನು ನಾವು ಅದಕ್ಕೆ ಸೇರಿಸಿಕೊಳ್ಳೋಣ. ಮನೆಯನ್ನು ಗುಡಿಸಿ ಹೊರಹಾಕಿದುದು ದಾಸೋಹವಾಗಲಾರದು.

ಮೂರನೆಯ ಕ್ಲೇಶವು ಮೃತ್ಯುದರ್ಶನದ್ದು. ಇದು ಎಲ್ಲಕ್ಕಿಂತಲೂ ಭಾರವಾದುದು. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ಗಣೇಶವಿಸರ್ಜನೆಯನ್ನು ಮುಗಿಸಿ ಜನರು ಮಲಗಿದ್ದ ಹೊತ್ತಿನಲ್ಲಿ, ನಮ್ಮ ಗಡಿಗೆ ಹೊಂದಿದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತುಮುತ್ತ ಭೂಮಿಯು ನಡುಗಿತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ, ಅವುಗಳ ಮೇಲಣ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದವರ ಮೇಲೆಯೇ ಕುಸಿದು ಸುಮಾರು ಹತ್ತು ಸಾವಿರ ಮಂದಿ ಮಡಿದರು. ಅದು ಲಿಂಗವಂತರು ಬಹುಸಂಖ್ಯೆಯಲ್ಲಿರುವ ಸೀಮೆ. ನಮ್ಮಲ್ಲಿ ಸಮಾಧಿಕ್ರಿಯೆಯು ಸಂಪ್ರದಾಯ. ಅಲ್ಲಿಯಾದರೋ ಸಾಮೂಹಿಕ ಚಿತೆಗಳು ಉರಿದುವು. ಹೆಣಗಳಿಂದ ಸಾಂಕ್ರಾಮಿಕವು ಹಬ್ಬುವುದೆಂಬ ಭಯವು ಇಂತಹ ಸಮಯದಲ್ಲಿ ಎಲ್ಲೆಡೆಯೂ ಇರುವುದು. ಆದರೆ ಪ್ರಕೃತಿವಿಕೋಪದಲ್ಲಿ ಸತ್ತವರ ದೇಹಗಳಿಂದ ಸಾಮಾನ್ಯವಾಗಿ ಸಾಂಕ್ರಾಮಿಕ ರೋಗಗಳು ಹಬ್ಬುವುದಿಲ್ಲವೆಂದೂ, ಆದುದರಿಂದ ಆತುರಪಡದೆ ಗುರುತನ್ನು ಬರೆದಿಟ್ಟು ಬಂಧುಗಳಿಗೆ ಒಪ್ಪಿಸಬೇಕೆಂದೂ ಈಗಿನ ಆರೋಗ್ಯಶಾಸ್ತ್ರವು ಸಾರುತ್ತದೆ. ಸತ್ತವರಿಗೆ ಸಲ್ಲಿಸುವ ಈ ಗೌರವವು ಬದುಕಿದವರ ಮನಸ್ಸಿಗೂ, ಹೆಣವನ್ನು ಹೊತ್ತ ಸೇವಕನ ಮನಸ್ಸಿಗೂ ಔಷಧವು. ಕಲ್ಲುಗಳ ಕೆಳಗಿನಿಂದ ಒಂದು ಕೂಸನ್ನು ಎತ್ತಿದವನು ಮನೆಗೆ ಮರಳಿ ತನ್ನ ಕೂಸನ್ನು ಎತ್ತಿಕೊಳ್ಳಲು ಅಂಜುವನು, ನಿದ್ರೆಯಲ್ಲಿ ಬೆಚ್ಚುವನು, ಮಾತು ಕಡಿಮೆಯಾಗುವುದು, ಮನೆಯವರಿಗೆ ಕಾರಣವು ತಿಳಿಯದು.

ನಾಲ್ಕನೆಯದು ವೈಫಲ್ಯದ ಕ್ಲೇಶ. ೨೦೦೯ರ ಸೆಪ್ಟೆಂಬರ್ ಅಕ್ಟೋಬರ್ ಸಂಧಿಯಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕವು ತತ್ತರಿಸಿ, ರಾಜ್ಯದಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಜನರು ಮಡಿದರು. ಆಗ ಸರಕಾರವೂ ದಾನಿಗಳೂ ಕೂಡಿ ಎತ್ತರದ ನೆಲದಲ್ಲಿ ಹೊಸ ಮನೆಗಳನ್ನು ಕಟ್ಟಿಸಿದರು. ಆದರೆ ಹಲವೆಡೆಗಳಲ್ಲಿ ಹೊಲಕ್ಕೆ ದೂರವಾಯಿತೆಂದೂ, ದನ ಕಟ್ಟಲು ಹಿತ್ತಿಲಿಲ್ಲವೆಂದೂ, ಮನೆಯು ಕಿರಿದೆಂದೂ ಜನರು ಹೊಳೆದಂಡೆಯ ಹಳೆಯ ಊರುಗಳಲ್ಲಿಯೇ ಉಳಿದರು. ಹತ್ತು ವರ್ಷಗಳ ಮೇಲೆ ಅಂತಹ ಊರುಗಳು ಪುನಃ ಮುಳುಗಿದುವು. ಮೊದಲ ಸಲ ದೋಣಿಯಲ್ಲಿ ಹೋದವನು ಎರಡನೆಯ ಸಲವೂ ಅದೇ ಓಣಿಗೆ ದೋಣಿಯಲ್ಲಿ ಹೋದಾಗ, ನಾನು ಮಾಡಿದುದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆ ಎಂದು ಅವನ ಎದೆಯು ಒಡೆಯದೆ ಇರದು. ಹೊಸ ಊರನ್ನು ಕಟ್ಟುವ ಮೊದಲು ಅಲ್ಲಿ ಬಾಳಬೇಕಾದವರನ್ನು ಕೇಳುವುದೂ ದಾಸೋಹದ ಅಂಗವೆಂಬುದನ್ನು ನಾವು ಇಲ್ಲಿ ಮನಗಾಣಬೇಕು.

ಐದನೆಯದು ಅಹಂಕಾರದ ಕ್ಲೇಶ. ರೊಟ್ಟಿಯನ್ನು ಕೊಡುವ ಕೈಯನ್ನೂ ಕೊಳ್ಳುವ ಮುಖವನ್ನೂ ಚಿತ್ರ ತೆಗೆಯಿಸಿ ಊರಿಗೆಲ್ಲ ತೋರಿಸುವ ಚಟವು ಈಗ ಮಿತಿಮೀರಿದೆ. ಕೊಟ್ಟವನಿಗೆ ಅದು ಒಂದು ದಿನದ ಕೀರ್ತಿ. ಕೊಂಡವನ ಮಕ್ಕಳಿಗೆ ಬಹುದಿನದ ಲಜ್ಜೆ. ಕೀರ್ತಿಯನ್ನು ನೆಚ್ಚಿ ಬಂದ ಸೇವಕನು ಚಿತ್ರ ತೆಗೆಯುವವರು ಹೊರಟುಹೋದ ಮರುದಿನವೇ ದಣಿಯುವನು. ಆದರೆ ಕೆಸರನ್ನು ಬಳಿಯುವ, ಬಾವಿಯನ್ನು ತೊಳೆಯುವ, ತೋಯ್ದ ಪಟ್ಟೆಪತ್ರಗಳನ್ನು ಒಣಗಿಸಿ ಕಚೇರಿಗೆ ಅಲೆಯುವ ನಿಜವಾದ ಕೆಲಸವು ಆ ಮರುದಿನದಿಂದಲೇ ಆರಂಭವಾಗುವುದು.

ಇಲ್ಲಿ ಒಂದು ಆಕ್ಷೇಪವು ಬರುವುದು. ನಿಜವಾದ ದಾಸೋಹಿಗೆ ದಣಿವೆಲ್ಲಿಯದು? ನಾನೆಂಬುದು ಅಳಿದ ಮೇಲೆ ನೋಯುವವನಾರು? ಆದುದರಿಂದ ದಣಿದೆನೆನ್ನುವವನ ಭಕ್ತಿಯಲ್ಲಿಯೇ ಕೊರತೆಯಿದೆಯೆಂದು ಕೆಲವು ಹಿರಿಯರು ಹೇಳುವರು. ಅವರಲ್ಲಿ ಗೌರವವನ್ನಿಟ್ಟುಕೊಂಡೇ ಈ ಮಾತನ್ನು ನಾನು ಒಪ್ಪಲಾರೆನು. ಶರಣರು ಕಾಯವನ್ನು ಹಳಿಯಲಿಲ್ಲ, ಕಾಯದಿಂದಲೇ ಕಾಯಕವೆಂದರು. ಎತ್ತು ದಣಿದರೆ ನೊಗವನ್ನು ಇಳಿಸುವ ಒಕ್ಕಲಿಗನು, ಮಗನು ದಣಿದರೆ ಅವನ ಭಕ್ತಿಯನ್ನು ಶಂಕಿಸಬಹುದೆ? ಮನಸ್ಸಿನ ನೋವಿಗೂ ನಮ್ಮ ಪರಂಪರೆಯಲ್ಲಿಯೇ ದೃಷ್ಟಾಂತವಿದೆ. ಅಣ್ಣನಾದ ಅಜಗಣ್ಣನು ಲಿಂಗೈಕ್ಯನಾದಾಗ ಮುಕ್ತಾಯಕ್ಕನು ದುಃಖದಲ್ಲಿ ಮುಳುಗಿದ್ದಳು. ಆಕೆಯನ್ನು ಕಂಡ ಅಲ್ಲಮಪ್ರಭುದೇವರು ದುಃಖಿಸಬೇಡವೆಂದು ಗದರಿಸಿ ಮುಂದೆ ನಡೆಯಲಿಲ್ಲ. ನಿಂತು ಕೇಳಿದರು, ಮಾತನಾಡಿದರು. ಆಕೆ ಎದುರಾಡಿದರೂ ಸಹಿಸಿ ಸಂವಾದವನ್ನು ಬೆಳೆಯಿಸಿದರು. ಆ ಸಂವಾದವೇ ಶೂನ್ಯಸಂಪಾದನೆಯಲ್ಲಿ ಒಂದು ಘಟ್ಟವಾಗಿ ನಿಂತಿದೆ. ಜ್ಞಾನಿಯಾದ ಮುಕ್ತಾಯಕ್ಕನಿಗೇ ದುಃಖವನ್ನು ಹೇಳಿಕೊಳ್ಳಲು ಒಬ್ಬ ಪ್ರಭುದೇವರು ಬೇಕಾಗಿದ್ದರೆ, ಹೊಳೆಯಿಂದ ಹೆಣವನ್ನೆತ್ತಿ ಬಂದ ನಮ್ಮ ಹುಡುಗನಿಗೆ ಬೇಡವೆನ್ನಲು ನಾವು ಯಾರು?

ಕರುಣೆಯೊಂದೇ ಸಾಲದು, ಅರಿವೂ ಬೇಕೆಂಬುದಕ್ಕೆ ಮತ್ತೊಂದು ನಿದರ್ಶನವನ್ನು ಕೊಡುವೆನು. ೧೯೭೧ರಲ್ಲಿ ಪೂರ್ವಬಂಗಾಳದಿಂದ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿ, ಸೂಜಿಯಿಂದ ಏರಿಸುವ ಲವಣಜಲವು ಸಾಲದೆ ಹೋಯಿತು. ಆಗ ಬನಗಾಂವಿನಲ್ಲಿದ್ದ ಡಾಕ್ಟರ್ ದಿಲೀಪ ಮಹಲನಬೀಸರು ಉಪ್ಪು ಮತ್ತು ಗ್ಲೂಕೋಸುಗಳನ್ನು ನೀರಿನಲ್ಲಿ ಕರಗಿಸಿ ಕುಡಿಯಿಸುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ನಡೆಯಿಸಿದರು. ರೋಗಿಗಳಲ್ಲಿ ಸಾಯುವವರು ನೂರಕ್ಕೆ ಮೂವತ್ತರಷ್ಟಿದ್ದುದು ನಾಲ್ಕಕ್ಕಿಂತ ಕಡಿಮೆಗೆ ಇಳಿಯಿತು. ಕುಡಿಯಿಸುವ ಕೆಲಸವನ್ನು ರೋಗಿಗಳ ಬಂಧುಗಳೇ ಮಾಡಬಹುದಾಗಿತ್ತು. ದಣಿದ ವೈದ್ಯರ ಭಾರವನ್ನು ನೊಂದವರೇ ಹಂಚಿಕೊಂಡರು. ಸೇವಕನ ಕ್ಲೇಶವನ್ನು ಇಳಿಸುವ ಉಪಾಯಗಳಲ್ಲಿ ಇದೇ ಉತ್ತಮವಾದುದು. ನೊಂದವರನ್ನು ಕುಳಿತು ಉಣ್ಣುವವರೆಂದು ಬಗೆಯದೆ ಸಹಕಾಯಕಿಗಳೆಂದು ಬಗೆಯುವುದು. ನಮ್ಮ ಅನ್ನಛತ್ರದಲ್ಲಿಯೂ ನೆರೆಯಿಂದ ಬಂದ ತಾಯಂದಿರೇ ರೊಟ್ಟಿ ಬಡಿಯಲು ಕುಳಿತ ದಿನ ಅವರ ಮುಖದಲ್ಲಿ ಕಳೆಯು ಮೂಡಿತು. ನಮ್ಮವರ ಭಾರವೂ ಅರ್ಧವಾಯಿತು.

ಇಷ್ಟನ್ನು ವಿಚಾರಿಸಿ, ಹುಟ್ಟಲಿರುವ ಸೇವಾದಳಕ್ಕೆ ಕೆಲವು ಸೂಚನೆಗಳನ್ನು ವಿನಯದಿಂದ ನಿವೇದಿಸುವೆನು. ಒಂದನೆಯದಾಗಿ, ಯಾವ ಸೇವಕನನ್ನೂ ಒಬ್ಬಂಟಿಯಾಗಿ ಕಳುಹಿಸಬಾರದು, ಇಬ್ಬಿಬ್ಬರ ಜೊತೆಯಿರಬೇಕು. ಎರಡನೆಯದಾಗಿ, ಸರದಿಯಿರಬೇಕು, ತನ್ನ ಸರದಿ ಮುಗಿದವನು ಉಂಡು ಮಲಗುವುದು ಅಪರಾಧವಲ್ಲ, ವಿಧಿಯೆಂದು ತಿಳಿಯತಕ್ಕದ್ದು. ಮೂರನೆಯದಾಗಿ, ಪ್ರತಿ ಸಾಯಂಕಾಲವೂ ದಳದವರು ಪ್ರಾರ್ಥನೆಯ ನಂತರ ಒಂದು ಗಳಿಗೆ ಕೂಡಿ ಕುಳಿತು ಕಂಡುದನ್ನೂ ನೊಂದುದನ್ನೂ ಹೇಳಿಕೊಳ್ಳಲಿ. ಹೇಳಲೊಲ್ಲದವನನ್ನು ಯಾರೂ ಬಲವಂತಪಡಿಸದಿರಲಿ. ತಿಂಗಳು ಕಳೆದರೂ ನಿದ್ರೆ ಬಾರದವನನ್ನು ಮನೋವೈದ್ಯರಲ್ಲಿಗೆ ಕರೆದೊಯ್ಯುವ ಹೊಣೆಯೂ ವೆಚ್ಚವೂ ಶ್ರೀಮಠದ್ದಾಗಲಿ. ನಾಲ್ಕನೆಯದಾಗಿ, ಬಂದುದರ ಮತ್ತು ಹೋದುದರ ಲೆಕ್ಕವನ್ನು ಆಯಾ ದಿನವೇ ಬರೆದು ಶಿಬಿರದ ಬಾಗಿಲಲ್ಲಿ ಅಂಟಿಸಬೇಕು. ತೆರೆದ ಲೆಕ್ಕವು ಸೇವಕನನ್ನು ಅಪವಾದದಿಂದ ಕಾಯುವ ಕವಚ. ಐದನೆಯದಾಗಿ, ಅಳತೆಗಳನ್ನು ಕಲಿಯಬೇಕು. ಶಿಬಿರದಲ್ಲಿ ತಲೆಗೆ ದಿನಕ್ಕೆ ೧೫ ಲೀಟರು ನೀರು, ಮಲಗಲು ೩.೫ ಚದರ ಮೀಟರು ಸ್ಥಳ, ೨೦ ಮಂದಿಗೆ ಒಂದು ಶೌಚಗೃಹವು ಕನಿಷ್ಠವೆಂದು ಸೇವಾಸಂಸ್ಥೆಗಳು ಲೋಕದಲ್ಲೆಲ್ಲ ಒಪ್ಪಿರುವುವು. ಕಡೆಯದಾಗಿ, ಈ ಮಹೋತ್ಸವದಲ್ಲಿ ಕೂಡುವ ನಿಧಿಯಲ್ಲಿ ಒಂದು ಪಾಲು ಸೇವಕರ ಯೋಗಕ್ಷೇಮಕ್ಕೆಂದೇ ಮೀಸಲಾಗಲಿ. ಅಕ್ಕಿಯ ಕಣಜವನ್ನು ತುಂಬಿ, ಅಳೆಯುವ ಕೈಗಳನ್ನು ಮರೆತರೆ ಕಣಜವಿದ್ದೂ ಪ್ರಯೋಜನವಿಲ್ಲ.

ಪಂಕ್ತಿಯಲ್ಲಿ ಬಡಿಸುವವನು ಎಲ್ಲರದೂ ಆದ ಮೇಲೆ ತಾನೂ ಎಲೆಯ ಮುಂದೆ ಕುಳಿತುಕೊಳ್ಳುವನು. ಆಗ ಮತ್ತೊಬ್ಬನು ಅವನಿಗೆ ಬಡಿಸುವನು. ಬಡಿಸುವವನೂ ಪಂಕ್ತಿಗೆ ಸೇರಿದವನೇ. ನೊಂದವರಿಗೆ ನೆರವಾದವನು ತಾನೂ ನೊಂದಾಗ ಅವನಿಗೆ ಬಡಿಸುವ ಕೈಗಳು ಶ್ರೀಮಠದಲ್ಲಿ ಎಂದಿಗೂ ಇರಲಿ, ಈ ಸಂಕಲ್ಪವನ್ನು ಗುರುಕರುಣೆಯು ಪೂರ್ಣಗೊಳಿಸಲಿ ಎಂದು ಪ್ರಾರ್ಥಿಸುವೆನು.

ಸರ್ವೇ ಜನಾಃ ಸುಖಿನೋ ಭವಂತು.